ಕಂಪ್ಯೂಟರ್ ಕೋಣೆಯ ವಾಸನೆ

ಗುಂಡಿ ಒತ್ತಿದ. ಒಳಗಿನ ಫ್ಯಾನು ಗರ್ರೆಂದು ತಿರುಗಿತು, ಹಸಿರು ದೀಪ ಹತ್ತಿತು, ಪರದೆ ಮಾತ್ರ ಕಪ್ಪಗೇ ಕೂತಿತು. ಆಮೇಲೆ ಶುರುವಾಯಿತು ಆ ಉದ್ದನೆಯ ಕೂಗು, ನಿಂತು ಮತ್ತೆ, ನಿಂತು ಮತ್ತೆ. ದೇವರಾಜ ಗುಂಡಿಯನ್ನು ಅದುಮಿ ಹಿಡಿದು ಅದರ ಬಾಯಿ ಮುಚ್ಚಿಸಿದ. ಥೂ ನಿನ್ನ, ಎಂದ. ನಿನ್ನೆ ಮಧ್ಯಾಹ್ನ ಇದೇ ದರಿದ್ರ ಮಿಷನ್ನು ಏನೂ ಆಗದ ಹಾಗೆ ಶುರುವಾಗಿತ್ತು. ಮೊನ್ನೆ ಇಡೀ ದಿನ ಆಗಿರಲಿಲ್ಲ. ಅದರ ಹಿಂದಿನ ದಿನ ಪ್ರಿನ್ಸಿಪಾಲರು ಬಂದು ಬೆನ್ನ ಹಿಂದೆ ನಿಂತ ಕೂಡಲೇ ಶುರುವಾಗಿ, ಅವರು "ಸಮಾ ಇದ್ಯಲ್ಲೋ, ಎಂತ ಆಗಿದೆ ಅಂತಿದ್ದೆ ನೀನು?" ಎಂದು ಅವನ ಮುಖ ನೋಡಿ ಹೊರಟುಹೋದ ಮೇಲೆ ಮತ್ತೆ ಸತ್ತಿತ್ತು. ಪೂರ್ತಿ ಕೆಟ್ಟರೆ ಕೆಟ್ಟಿತು ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಹೀಗೆ ಒಮ್ಮೆ ಆಗಿ ಒಮ್ಮೆ ಆಗದಿದ್ದರೆ ಸುಳ್ಳನಾಗುವುದು ಅದಲ್ಲ, ಅದರ ಮುಂದೆ ಕೂತವನು. ಅವನು ಪ್ಲಗ್ಗು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಚುಚ್ಚಿ, ಮತ್ತೆ ಒತ್ತಿದ. ಫ್ಯಾನು, ದೀಪ, ಕೂಗು.

ಕುಮಟೆಯ ಆ ಜ್ಯೂನಿಯರ್ ಕಾಲೇಜಿಗೆಲ್ಲ ಇದೊಂದೇ ಕಂಪ್ಯೂಟರ್. ದೇವರಾಜ ಅಲ್ಲಿಯ ಗುಮಾಸ್ತ. ಹೊನ್ನಾವರದಲ್ಲಿ ಸಂಜೆ ಕ್ಲಾಸಿಗೆ ಹೋಗಿ ಕಲಿತಿದ್ದನಾದ್ದರಿಂದ ಇದು ಅವನ ಪಾಲಿಗೆ ಬಂದಿತ್ತು. ಮುರುಕು ಬೆಂಚು ಒಟ್ಟುತ್ತಿದ್ದ ಕೋಣೆಗೆ ಸುಣ್ಣ ಬಳಿಸಿ, ಬಾಗಿಲಿಗೆ ಕೆಂಪು ಪರದೆ ಕಟ್ಟಿಸಿ, ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ಕ್ರಮ ಮಾಡಿದವರು ಪ್ರಿನ್ಸಿಪಾಲ್ ವಿಶ್ವನಾಥ ಸರ್. ಗುಡಿಸುವ ಮಂಜಿ ಒಳಗೆ ಕಾಲಿಡುವ ಹಾಗಿಲ್ಲ, ಹಿಡಿಸೂಡಿಯ ಧೂಳು ಮಿಷನ್ನಿಗೆ ಆಗುವುದಿಲ್ಲ. ಪ್ಯೂನ್ ಜಟ್ಟಿಯೇ ಬಟ್ಟೆಯಲ್ಲಿ ಒರೆಸಬೇಕು. ಈ ಮಡಿ ದೇವರಾಜನಿಗೆ ಮೊದಮೊದಲು ಹಿತವಾಗಿತ್ತು. ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಲ್ಲುವವರು ಬೇರೆಯವರು, ಒಳಗೆ ಕೂತವನು ತಾನು. ಈಗ ಅದೇ ಕೋಣೆಯಲ್ಲಿ ವಾಕರಿಕೆ ಬರುತ್ತಿತ್ತು. ಮಿಷನ್ನು ಶುರುವಾಗಿ ತುಸು ಬಿಸಿಯಾದರೆ ಸಾಕು, ಹಿಂದಿನ ಜಾಲರಿಯಿಂದ ಗಾಳಿಯ ಜೊತೆ ವಾಸನೆ ಹೊರಗೆ ಬರುತ್ತಿತ್ತು. ಮೀನಿನ ವಾಸನೆ. ತಾಜಾ ಮೀನಿನದ್ದಲ್ಲ, ಸಾರಿನದ್ದೂ ಅಲ್ಲ, ಹಳತಾದ, ಜಿಡ್ಡಾದ, ಗಂಟಲಿಗೆ ಅಂಟುವ ವಾಸನೆ. ಇಂಗ್ಲಿಷಿನ ಪರಮೇಶ್ವರಿ ಮೇಡಂ ಸೆರಗನ್ನು ಮೂಗಿಗೆ ಹಿಡಿದು, ಅವನ ಕಡೆ ನೋಡದೆ, ನೋಡಲಿಲ್ಲ ಎಂಬುದು ಅವನಿಗೆ ಗೊತ್ತಾಗುವ ಹಾಗೆ ನೋಡದೆ, "ಇಲಿ ಸತ್ತಿರ್ಬೇಕು" ಎಂದಿದ್ದರು. ಜಟ್ಟಿ ಊದುಬತ್ತಿ ಹಚ್ಚಿದ. ಊದುಬತ್ತಿಯ ಜೊತೆ ಅದು ಸೇರಿ ಇನ್ನೂ ಹೇಸಿಗೆಯಾಯಿತು.

ಆ ವಾಸನೆ ಬಂದಾಗಲೆಲ್ಲ ದೇವರಾಜ ಮೊದಲು ತನ್ನ ಅಂಗಿಯನ್ನು ಮೂಸುತ್ತಿದ್ದ. ಯಾರೂ ಇಲ್ಲದಾಗ ಕಂಕುಳಿಗೆ ಮೂಗು ಒಡ್ಡುತ್ತಿದ್ದ, ಬೆರಳ ಸಂದಿ ನೋಡುತ್ತಿದ್ದ. ಬೆಳಿಗ್ಗೆ ಮಾವಿನಕುರ್ವೆಯ ಮೀನುಗಾರರ ಕೇರಿಯ ಮನೆಯ ಬಚ್ಚಲಲ್ಲಿ ಚರ್ಮ ಕೆಂಪಾಗುವಷ್ಟು ಸಾಬೂನು ತಿಕ್ಕಿ, ಕುತ್ತಿಗೆಗೆ ಪೌಡರು ಸುರಿದು, ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಹೊರಟು, ಹೊನ್ನಾವರ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ತೊಟ್ಟುಕೊಂಡು ಕುಮಟೆ ಬಸ್ಸು ಹತ್ತುವವನು ಅವನು. ಆದರೂ ನಂಬಿಕೆ ಇಲ್ಲ. ಆರನೇ ಕ್ಲಾಸಿನಲ್ಲಿ ಮಾಸ್ತರು ಸಿಟ್ಟಿಲ್ಲದೆ, ಬಹಳ ಸಹಜವಾಗಿ, "ನೀನು ಕಿಟಕಿ ಹತ್ರ ಕೂರೋ, ಗಾಳಿ ಆಡ್ತದೆ" ಎಂದಿದ್ದರು. ಗಾಳಿ ಯಾರಿಗೆ ಬೇಕಾಗಿತ್ತು ಎಂದು ಅವನಿಗೆ ತಿಳಿಯಲು ಒಂದು ಮಳೆಗಾಲ ಬೇಕಾಯಿತು. ಮೀನು ಬಿಟ್ಟಿದ್ದು ಈ ಕೆಲಸಕ್ಕೆ ಸೇರಿದ ಮೇಲೆ. ಸ್ಟಾಫ್ ರೂಮಿನಲ್ಲಿ ಅವನ ಡಬ್ಬಿಯಿಂದ ಮೊಸರನ್ನ, ಮಿಡಿ ಉಪ್ಪಿನಕಾಯಿ ಹೊರಬಿದ್ದ ದಿನ ವಿಶ್ವನಾಥ ಸರ್ ಮೆಚ್ಚಿ ಬೆನ್ನು ತಟ್ಟಿ, "ನೀ ಆ ಪೈಕಿ ಅಂತ ಗೊತ್ತೇ ಆಗೂದಿಲ್ಲ ಮಾರಾಯ" ಎಂದಿದ್ದರು. ಅವನು ನಕ್ಕಿದ್ದ. ಆ ನಗು ನೆನಪಾದರೆ ಈಗಲೂ ಅವನಿಗೆ ತನ್ನ ಹಲ್ಲುಗಳ ಮೇಲೇ ಅಸಹ್ಯ ಬರುತ್ತಿತ್ತು. ಮನೆಯಲ್ಲಿ ಅವ್ವಿ ಬೆಳ್ಳಿ ಅವನಿಗೆಂದು ಬೇರೆ ಪಾತ್ರೆ ಇಟ್ಟು, "ನನ್ನ ಹೊಟ್ಟೇಲಿ ಭಟ್ರು ಹುಟ್ಟಿದ್ದಾರೆ, ಎಂತ ಮಾಡೂದು" ಎಂದು ನೆರೆಯವರ ಮುಂದೆ ಹೇಳಿ ನಗುತ್ತಿದ್ದಳು. ಅವಳಿಗೆ ಅದು ತಮಾಷೆ, ಒಳಗೊಳಗೆ ಹೆಮ್ಮೆಯೂ ಇತ್ತೇನೋ.

ರಿಪೇರಿಯ ಶ್ರೀಧರ ಹೊನ್ನಾವರದಿಂದ ಬೈಕಿನಲ್ಲಿ ಬಂದಾಗ ಪ್ರಿನ್ಸಿಪಾಲರೇ ಎದ್ದು ಬಂದರು. ಪರೀಕ್ಷೆಗೆ ಕೂರುವ ಮಕ್ಕಳ ಹೆಸರೆಲ್ಲ ಆ ಮಿಷನ್ನಿನ ಹೊಟ್ಟೆಯಲ್ಲಿತ್ತು, ಸಂಜೆಯೊಳಗೆ ಫ್ಲಾಪಿಯಲ್ಲಿ ಕಾರವಾರಕ್ಕೆ ಮುಟ್ಟಬೇಕಿತ್ತು. ಶ್ರೀಧರ ವಿಶ್ವನಾಥ ಸರ್ ಕಡೆಯ ಹುಡುಗ, ದೂರದ ಸಂಬಂಧ. ಇಬ್ಬರೂ ಸೇರಿದ ಕೂಡಲೇ ಮಾತು ಭಟ್ಟರ ಮನೆಮಾತಿಗೆ ಹೊರಳಿತು. "ಎಂತ ಆಜು ನೋಡು ಮಾರಾಯ, ಒಂದಿನ ಶುರು ಆಗ್ತು, ಒಂದಿನ ಇಲ್ಲೆ." "ನೋಡನ, ಪವರ್ ಸಪ್ಲೈ ಸರಿ ಇದ್ದು." ದೇವರಾಜನಿಗೆ ಪ್ರತಿಯೊಂದು ಶಬ್ದವೂ ಅರ್ಥವಾಗುತ್ತಿತ್ತು. ಆದರೆ ಅರ್ಥವಾದರೂ ಉತ್ತರ ಕೊಡಲಿಕ್ಕಿಲ್ಲದ ಮಾತು ಅದು. ಅವನು ಟೇಬಲ್ಲಿನ ಈಚೆ ಕೈಕಟ್ಟಿ ನಿಂತ, ಆಮೇಲೆ ಕೈಕಟ್ಟಿ ನಿಂತದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ಕೈ ಬಿಟ್ಟ. ಶ್ರೀಧರ ವೈರು ಬದಲಿಸಿ ನೋಡಿದ, ಕೂಗನ್ನು ಕಿವಿಗೊಟ್ಟು ಕೇಳಿ ಇದು ಮೆಮೊರಿಯ ತಕರಾರು ಎಂದ, ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಎಳೆದ. ತಗಡು ಬಂದದ್ದೇ ತಡ, ವಾಸನೆ ದೊಪ್ಪನೆ ಹೊರಗೆ ಬಿತ್ತು. "ಅಯ್ಯಯ್ಯೋ!" ಎಂದು ಅವನು ಹಿಂದೆ ಸರಿದ.

ಒಳಗೆ ಎಲ್ಲದರ ಮೇಲೂ ಕಂದು ಬಣ್ಣದ ಪದರ. ಚೌಕಟ್ಟಿನ ಕಬ್ಬಿಣದ ಮೇಲೆ, ಸ್ಕ್ರೂಗಳ ತಲೆಯ ಮೇಲೆ, ಹಸಿರು ಹಲಗೆಯ ಅಂಚಿನಲ್ಲಿ. ಅದಕ್ಕೆ ಧೂಳು ಹತ್ತಿತ್ತು, ಇರುವೆಗಳು ಅಂಟಿ ಸತ್ತಿದ್ದವು, ಒಂದು ಜಿರಳೆಯ ಕಾಲು ಮಾತ್ರ ಉಳಿದಿತ್ತು. ಶ್ರೀಧರ ಮೆಮೊರಿಯ ಪಟ್ಟಿಯನ್ನು ಎಳೆದು ಬೆಳಕಿಗೆ ಹಿಡಿದ. ಅದರ ಹಳದಿ ಹಲ್ಲುಗಳ ಮೇಲೂ ಅದೇ ಪದರ, ವಾರ್ನಿಶ್ ಬಳಿದ ಹಾಗೆ. "ನೋಡಿ, ಇಲ್ಲಿ ಕರೆಂಟೇ ದಾಟೂದಿಲ್ಲ. ಸೆಕೆಗೆ ಮೆತ್ತಗಾದ್ರೆ ಒಂದಿನ ಹತ್ತತದೆ, ಇಲ್ದಿದ್ರೆ ಇಲ್ಲ. ಯಾರೋ ಎಂತದೋ ಸುರ್ದಿದ್ದಾರೆ." ದೇವರಾಜ ಬೆರಳ ತುದಿಯಿಂದ ಚೌಕಟ್ಟನ್ನು ಮುಟ್ಟಿದ. ಅಂಟು. ಆ ಅಂಟನ್ನು ಬೆರಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ದೋಣಿಯ ಮೇಲೆ ಕೂತು ಎದ್ದರೆ ಚಡ್ಡಿಗೆ ಹತ್ತುತ್ತಿದ್ದದ್ದು ಇದೇ. ತಾರ್ಲೆ ಎಣ್ಣೆ. ರಾಶಿ ರಾಶಿ ತಾರ್ಲೆ ಮೀನನ್ನು ಹಂಡೆಯಲ್ಲಿ ಕುದಿಸಿ ತೆಗೆದು, ಉಪ್ಪುಗಾಳಿ ತಿನ್ನಬಾರದೆಂದು ಮಳೆ ಹಿಡಿಯುವ ಮುಂಚೆ ದೋಣಿಯ ಹಲಗೆಗೆ, ಮೊಳೆಗೆ, ಲಂಗರಿಗೆ ಎಲ್ಲರೂ ಬಳಿಯುವ ಎಣ್ಣೆ.

ಮೇ ತಿಂಗಳ ರಜೆಯಲ್ಲಿ ಕಾಲೇಜಿನ ಮಾಡು ಬಿಚ್ಚಿ ಹೆಂಚು ಕೈಯಾಡಿಸುವಾಗ, ಅಂಕಪಟ್ಟಿಯ ಕೆಲಸ ಮುಗಿಸಲೆಂದು ಪ್ರಿನ್ಸಿಪಾಲರೇ ಇದನ್ನು ಅವನ ಮನೆಗೆ ಕಳಿಸಿದ್ದರು. ರಿಕ್ಷಾದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಅವನು ಕೇರಿಗೆ ಬಂದಾಗ ಜನ ಮದುಮಗಳನ್ನು ನೋಡುವ ಹಾಗೆ ಬಂದು ನೋಡಿದ್ದರು. ಸೆಕೆ ತಡೆಯದೆ ಮಿಷನ್ನಿನ ಪಕ್ಕದ ತಗಡನ್ನು ಬಿಚ್ಚಿಟ್ಟು, ಎದುರಿಗೆ ಟೇಬಲ್ ಫ್ಯಾನು ಹಚ್ಚಿ ಕೆಲಸ ಮಾಡಿದ್ದ. ಅಂಗಳದಲ್ಲಿ ಅಪ್ಪ ದೋಣಿಗೆ ಎಣ್ಣೆ ಎಳೆಯುತ್ತಿದ್ದ. ಆ ವಾರ ಕೇರಿಯಿಡೀ ಅದೇ ವಾಸನೆ, ಒಳಗಿನದ್ದು ಹೊರಗಿನದ್ದು ಎಂದು ಗೊತ್ತಾಗುವ ಹಾಗಿರಲಿಲ್ಲ. ಒಂದು ದಿನ ಅವನು ಕುಮಟೆಗೆ ಹೋಗಿ ಬಂದು ಊಟಕ್ಕೆ ಕೂತಾಗ ಅಪ್ಪ ಏನೋ ಹೇಳಿದ್ದ. ಅಪ್ಪ ಯಾವಾಗಲೂ ಏನೋ ಹೇಳುತ್ತಿರುತ್ತಾನೆ. ಅಪ್ಪ ಅನ್ನ ಕಲಸುವ ಕೈಯನ್ನು ನೋಡಲಾರದೆ ದೇವರಾಜ ಗೋಡೆ ನೋಡುತ್ತ ಉಣ್ಣುತ್ತಿದ್ದ, ಹೂಂ ಎಂದಿದ್ದ. ಈಗ ಆ ಮಾತು ಒಂದೊಂದು ಅಕ್ಷರವೂ ಸರಿಯಾಗಿ ಕೇಳಿಸಿತು. "ನಿನ್ನ ಮಿಷನ್ನಿಗೆ ಒಳಗೆಲ್ಲ ತುಕ್ಕು ಹಿಡೂಕೆ ಶುರುವಾಗಿತ್ತು ಮಗ. ಸಮುದ್ರದ ಗಾಳಿ ಬಿಡ್ತದ್ಯಾ? ಬಟ್ಟೆ ಹಾಕಿ ತೆಳ್ಳಗೆ ಒಂದ್ ಕೈ ಎಳ್ದಿದ್ದೆ. ಇನ್ನು ಎಂತ ಆಗೂದಿಲ್ಲ ಅದಕ್ಕೆ." ತನ್ನ ದೋಣಿಗಾದರೆ ದಪ್ಪಗೆ ಬಳಿಯುವವನು. ಇದು ನಾಜೂಕಿನದ್ದು ಎಂದು ತೆಳ್ಳಗೆ ಎಳೆದಿದ್ದಾನೆ. ಪಟ್ಟಿಯನ್ನು ಕಿತ್ತು, ಹಲ್ಲು ಹಲ್ಲಿಗೂ ಒರೆಸಿ, ಇದ್ದ ಹಾಗೆ ಕೂರಿಸಿದ್ದಾನೆ.

"ಮೀನಿನ ಸಾರೇ ಸೈ" ಎಂದರು ವಿಶ್ವನಾಥ ಸರ್, ಮೂಗಿಗೆ ಕರ್ಚೀಪು ಒತ್ತಿಕೊಂಡು. "ಮಂಜೀದೇ ಕೆಲಸ. ಜಟ್ಟೀ, ಕರಿಯೋ ಅವಳನ್ನ."

ಮಂಜಿ ಬಂದು ಹೊಸ್ತಿಲ ಹೊರಗೆ ನಿಂತಳು. ಒಳಗೆ ಬಾ ಎಂದು ಯಾರೂ ಹೇಳಲಿಲ್ಲ. ವರಾಂಡದಿಂದ ಬಂದವಳ ಕೈಯಲ್ಲಿ ಹಿಡಿಸೂಡಿ ಇನ್ನೂ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಮಾಡಿಕೊಂಡಳು. ಮೊಣಕಾಲು ಹೋಗಿ ಮೀನಿನ ಬುಟ್ಟಿ ಹೊರಲಾಗದೆ ಈ ಕೆಲಸಕ್ಕೆ ಬಂದವಳು. ಇದು ತಪ್ಪಿದರೆ ಅವಳು ಮತ್ತೆ ಬುಟ್ಟಿಯನ್ನೇ ಹೊರಬೇಕು, ಹೊರಲು ಅವಳಿಂದ ಆಗುವುದಿಲ್ಲ, ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಊಟದ ಡಬ್ಬಿ ಈ ಕೋಣೆಯಲ್ಲಿ ಇಟ್ಟಿದ್ದೆಯಾ ಎಂದು ಪ್ರಿನ್ಸಿಪಾಲರು ಕೇಳಿದರು. ಇಲ್ಲ ಎನ್ನಲಿ, ಇಲ್ಲ ಎಂದುಬಿಡಲಿ, ಎಂದು ದೇವರಾಜ ಅವಳ ಬಾಯಿಯನ್ನೇ ನೋಡಿದ.

"ಇಲ್ಲ ಸರ್, ನಾ ಒಳಗೆ ಬಂದವಳೇ ಅಲ್ಲ" ಎಂದಳು ಮಂಜಿ. ಆಮೇಲೆ ಅವಳ ಮುಖ ಬದಲಾಯಿತು. "ಒಂದಿನ ಮಾತ್ರ... ಜೋರು ಮಳೆ ಸರ್, ನಾಯಿ ಬಂದಿತ್ತು ವರಾಂಡಕ್ಕೆ. ಹೊರಗಿಂದ ಕೈ ಹಾಕಿ ಆ ಕಿಟಕಿ ದಂಡೆ ಮೇಲೆ ಇಟ್ಟಿದ್ದೆ. ಡಬ್ಬಿ ಮುಚ್ಚಳ ಸಡಿಲ ನಂದು. ಸ್ವಲ್ಪ ಚೆಲ್ಲಿತ್ತು. ನಾ ಒರ್ಸಿದ್ದೆ ಸರ್. ಒಳಗೆ ಹೋಗಿತ್ತಾ ಅದು?" ಅವಳು ತಾನೇ ಮಾಡಿದ್ದೆಂದು ನಂಬಿಬಿಟ್ಟಿದ್ದಳು.

"ನೋಡಿ, ಆತಲ್ಲ" ಎಂದರು ಪ್ರಿನ್ಸಿಪಾಲರು. ಶ್ರೀಧರ ಮಾತ್ರ ಪಟ್ಟಿಯನ್ನು ತಿರುಗಿಸುತ್ತ, ದಂಡೆಯ ಮೇಲೆ ಚೆಲ್ಲಿದ್ದು ಇಷ್ಟು ಒಳಗೆ ಬರ್ತದಾ, ಇದು ಸಾರೋ ಬೇರೆ ಎಂತದೋ ಎಂದು ಗೊಣಗಿದ. ಆಗ ವಿಶ್ವನಾಥ ಸರ್ ದೇವರಾಜನ ಕಡೆ ತಿರುಗಿದರು. ಅವರಿಗೆ ಅದು ಬಹಳ ಸಹಜವಾಗಿ ಹೊಳೆದ ಉಪಾಯ. "ಅದ್ಕೆಂತ, ನೀ ಮೂಸಿ ನೋಡೋ ದೇವರಾಜ. ನಿಂಗೆ ಗೊತ್ತಾಗ್ತದಲ್ಲ. ಮೀನಿನ ಸಾರಿಂದೇ ಹೌದೋ ಅಲ್ವೋ ಹೇಳು."

ಶ್ರೀಧರ ಪಟ್ಟಿಯನ್ನು ಅವನ ಮೂಗಿನ ಹತ್ತಿರ ಹಿಡಿದ. ಪರಮೇಶ್ವರಿ ಮೇಡಂ ಪರದೆ ಸರಿಸಿ ಇಣುಕಿದ್ದರು. ಜಟ್ಟಿ ನಗು ತಡೆದುಕೊಂಡಿದ್ದ. ಎಲ್ಲರ ಕಣ್ಣೂ ತನ್ನ ಮೂಗಿನ ಮೇಲೆ. ಇಷ್ಟು ವರ್ಷದ ಮೊಸರನ್ನ, ಸಾಬೂನು, ಪೌಡರು, ಪ್ಲಾಸ್ಟಿಕ್ ಚೀಲದ ಅಂಗಿ, ಎಲ್ಲ ಇವರಿಗೆ ಒಂದು ಕ್ಷಣಕ್ಕೂ ಮೋಸ ಮಾಡಿರಲಿಲ್ಲ. ಬೇಕಾದಾಗ ಹೊರಗೆ ತೆಗೆಯಲಿಕ್ಕೆಂದು ತನ್ನ ಜಾತಿಯನ್ನು ಇವರು ಜೋಪಾನವಾಗಿ ನೆನಪಿಟ್ಟುಕೊಂಡಿದ್ದರು. ಸಿಟ್ಟು ನೆತ್ತಿಗೇರಿತು. ಅದು ಅವರ ಮೇಲೆ ಹೋಗಬೇಕಿತ್ತು, ಹೋಗಲಿಲ್ಲ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟೆ ಅದ್ದುವ ಅಪ್ಪನ ಮೇಲೆ ಹೋಯಿತು, ಹೊಸ್ತಿಲಾಚೆ ಬೆಪ್ಪಿಯ ಹಾಗೆ ಒಪ್ಪಿಕೊಂಡು ನಿಂತ ಈ ಹೆಂಗಸಿನ ಮೇಲೆ ಹೋಯಿತು. ಮೂಸಿದ. ಅಪ್ಪನ ಕೈಯ ವಾಸನೆ.

"ನಂಗೆ ಗೊತ್ತಾಗೂದಿಲ್ಲ ಸರ್" ಎಂದ. ಸುಮ್ಮನಿರಬಹುದಿತ್ತು. ಬಾಯಿ ಮುಂದುವರಿಯಿತು. "ನಮ್ಮನೇಲಿ ಮೀನು ಮಾಡೂದೇ ಇಲ್ಲ."

ಹೇಳಿದ ಮೇಲೆ ಬಾಯಿಯೊಳಗೆ ಏನೋ ಕೊಳೆತದ್ದು ಉಳಿದ ಹಾಗಾಯಿತು. ಮಂಜಿ ಅವನನ್ನು ನೋಡಿದಳು. ಅವನ ಅವ್ವಿ ಬೆಳ್ಳಿ ಅವಳಿಗೆ ಗೊತ್ತು, ಹೊನ್ನಾವರದ ಪೇಟೆಯಲ್ಲಿ ಅಕ್ಕಪಕ್ಕ ಬುಟ್ಟಿ ಇಟ್ಟು ಕೂತವರು. ಅವಳು ಕಣ್ಣು ಬೇರೆ ಕಡೆ ಮಾಡಿದಳು, ಅವನ ಮಾನ ಉಳಿಸುವವಳ ಹಾಗೆ. ಅದು ಎಲ್ಲಕ್ಕಿಂತ ಹೇಸಿಗೆ. "ಅಂವ ಮೀನು ತಿಂತ್ನಿಲ್ಲೆ ಮಾರಾಯ" ಎಂದು ವಿಶ್ವನಾಥ ಸರ್ ಶ್ರೀಧರನಿಗೆ ಹೇಳಿದರು, ಅವನ ಪರವಾಗಿ. ಮಂಜಿಗೆ ನಾಳೆಯಿಂದ ಬರುವುದು ಬೇಡವೆಂದರು. ಜೋರು ಮಾಡಲಿಲ್ಲ, ಬೈಯಲೂ ಇಲ್ಲ. ಸರಕಾರದ ವಸ್ತು, ನಾ ಮೇಲಿನವರಿಗೆ ಉತ್ತರ ಕೊಡ್ಬೇಕು, ತಿಳೀತಲ್ಲ, ಎಂದರು. ಅವಳು ತಿಳೀತು ಎಂದು ತಲೆಯಾಡಿಸಿದಳು.

ಶ್ರೀಧರ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಒರೆಸತೊಡಗಿದ, ರಬ್ಬರಿನಿಂದ ಹಳದಿ ಹಲ್ಲುಗಳನ್ನು ಉಜ್ಜಿದ. ದೇವರಾಜ ಕೈ ತೊಳೆಯುತ್ತೇನೆಂದು ಹಿಂದಿನ ನಲ್ಲಿಗೆ ಬಂದ. ಸಾಬೂನು ಹಚ್ಚಿ ತೊಳೆದ, ಮೂಸಿದ, ಮತ್ತೆ ತೊಳೆದ. ಮಂಜಿ ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ, ಅವನಿಂದ ಸ್ವಲ್ಪ ದೂರದಲ್ಲಿ ನಿಂತಳು. ಬೈಯಲಿಕ್ಕೆ ಬಂದಳೇನೋ ಎಂದುಕೊಂಡ, ಬೈದರೆ ಚೆನ್ನಾಗಿತ್ತು.

"ತಮಾ, ನಿಂಗೆಂತಾದ್ರೂ ತೊಂದ್ರೆ ಆತಾ ಇದ್ರಿಂದ?" ಎಂದಳು. "ನಮ್ಮ ಪೈಕಿ ಒಬ್ಬ ಆ ಖುರ್ಚಿ ಮೇಲೆ ಕೂತಿದ್ದಾನೆ ಅಂತ ನಾ ಊರಿಡೀ ಹೇಳ್ಕಂಡು ಬರ್ತಿದ್ದೆ. ನೀ ಅಷ್ಟು ಜೋಪಾನ ಮಾಡಿದ ಮಿಷನ್ನು, ನನ್ನ ಮುಂಡೇದು ಡಬ್ಬಿಯಿಂದ ಹೀಂಗಾತು. ನನ್ನ ಕೆಲ್ಸ ಹೋದ್ರೆ ಹೋಗ್ಲಿ. ನಿನ್ನ ಮೇಲೆ ಎಂತ ಬರ್ಬಾರ್ದು."

"ಸುಮ್ನಿರು ಮಂಜಕ್ಕ" ಎಂದ ದೇವರಾಜ, ಗದರಿದ ಹಾಗೆ. ನಲ್ಲಿ ನಿಲ್ಲಿಸುವುದನ್ನೂ ಮರೆತು ನೇರ ಒಳಗೆ ನಡೆದ. ಹೇಳಿಬಿಡುತ್ತೇನೆ. ಹೇಳಿದರೆ ಎಂತ ಮಾಡುತ್ತಾರೆ, ನುಂಗುತ್ತಾರಾ? ಅಪ್ಪ ಮಾಡಿದ್ದು, ಒಳ್ಳೆಯದಕ್ಕೇ ಮಾಡಿದ್ದು, ನನ್ನ ಅಪ್ಪ, ಮೀನು ಹಿಡಿಯುವವ. ಚಪ್ಪಲಿ ಬಿಡದೆ ಹೊಸ್ತಿಲು ದಾಟಿದ್ದು ಆಮೇಲೆ ಗೊತ್ತಾಯಿತು.

ಒಳಗೆ ಹಬ್ಬ. ಶ್ರೀಧರ ಗುಂಡಿ ಒತ್ತಿದ್ದೇ ಮಿಷನ್ನು ಒಂದೇ ಒಂದು ಚಿಕ್ಕ ಕೂಗು ಹಾಕಿ ಎದ್ದಿತ್ತು, ಪರದೆಯ ಮೇಲೆ ನೀಲಿ ಬಂದಿತ್ತು. ಆರಿಸಿ ಮತ್ತೆ ಒತ್ತಿದ, ಮತ್ತೆ ಎದ್ದಿತು. ಪ್ರಿನ್ಸಿಪಾಲರು ಜಟ್ಟಿಗೆ ಚಾ ತರಲು ಹೇಳುತ್ತಿದ್ದರು.

"ಸರ್" ಎಂದ ದೇವರಾಜ. "ಅದು ಸಾರಲ್ಲ. ದೋಣಿಗೆ ಹಚ್ಚೂ ಎಣ್ಣೆ. ರಜೇಲಿ ನಮ್ಮನೇಲಿ ಇದ್ದಾಗ ನಮ್ಮಪ್ಪ ಹಚ್ಚಿದ್ದು. ತುಕ್ಕು ಹಿಡೀಬಾರ್ದು ಅಂತ. ಮಂಜಕ್ಕನ ತಪ್ಪಿಲ್ಲ."

ಶ್ರೀಧರ ನಕ್ಕುಬಿಟ್ಟ. "ಕಂಪ್ಯೂಟರಿಗೆ ಎಣ್ಣೆ ಹಚ್ತಾರಾ ಸರ್ ಯಾರಾದ್ರೂ? ತಲೆಗೆ ಹಚ್ಕಂಡ ಹಾಗೆ?" ಜಟ್ಟಿಯೂ ನಕ್ಕ. ವಿಶ್ವನಾಥ ಸರ್ ನಗಲಿಲ್ಲ. ಎದ್ದು ಬಂದು ದೇವರಾಜನ ಹೆಗಲ ಮೇಲೆ ಕೈ ಇಟ್ಟರು. ಅವರ ಕಣ್ಣಲ್ಲಿ ನಿಜವಾದ ಪ್ರೀತಿಯೇ ಇತ್ತು. "ನಿಮ್ಮ ಪೈಕಿಯವಳು, ಪಾಪ ಅನ್ಸೂದು ಸಹಜ. ನಿನ್ನ ಮನಸ್ಸು ದೊಡ್ಡದು ಮಾರಾಯ. ಆದ್ರೆ ಹೆತ್ತ ಅಪ್ಪನ ಹೆಸ್ರಲ್ಲಿ ಸುಳ್ಳು ಹೇಳ್ಬಾರ್ದು. ನೀನೇ ಈಗ ಹೇಳ್ದೆ, ಮನೇಲಿ ಮೀನೇ ಮಾಡೂದಿಲ್ಲ ಅಂತ. ಮತ್ತೆ ಅವಳೇ ಒಪ್ಕಂಡಾಗಿದೆ."

"ಖರೇ ಸರ್" ಎಂದ ದೇವರಾಜ. ದನಿ ಅಷ್ಟು ಸಣ್ಣಗೆ ಬಂತು. ಇನ್ನೊಂದು ಸಲ ಹೇಳಿದರೆ ಸಾಕಿತ್ತು. ಅಪ್ಪನನ್ನು ಕರೆಸಿ ಕೇಳಿ ಎಂದರೆ ಸಾಕಿತ್ತು. ಅಪ್ಪ ಓಡಿ ಬಂದು, ಹೌದು ನಾನೇ, ತೆಳ್ಳಗೆ ಎಳ್ದದ್ದು, ಎಂದು ಇವರೆಲ್ಲರ ಮುಂದೆ ಕೈಯಾಡಿಸಿ ತೋರಿಸುತ್ತಿದ್ದ. ದೇವರಾಜನಿಗೆ ಆ ಚಿತ್ರ ಕಾಣಿಸಿತು. ಅಪ್ಪನ ಲುಂಗಿ, ಅಪ್ಪನ ಕಾಲು, ಈ ಕೋಣೆ, ಮೂಗಿನ ಮೇಲಿನ ಕರ್ಚೀಪುಗಳು. ಅವನು ಬಾಯಿ ಮುಚ್ಚಿದ. ಮುಚ್ಚಿದ ಕೂಡಲೇ ಎದೆಯ ಮೇಲಿನ ಭಾರ ಇಳಿದು ಹೋಯಿತು. ಹೇಳಿದ್ದೂ ಆಯಿತು, ಯಾರೂ ನಂಬಲೂ ಇಲ್ಲ. ಹಗುರವಾದದ್ದು ಅವನಿಗೇ ಗೊತ್ತಾಯಿತು, ಥೂ ಎನಿಸಿತು, ಆದರೂ ಹಗುರವಾಗಿಯೇ ಇತ್ತು.

"ಕೂತ್ಕೋ, ಫ್ಲಾಪಿ ಮಾಡು" ಎಂದರು ಪ್ರಿನ್ಸಿಪಾಲರು. "ಮತ್ತೆ ಗುಡಿಸೂಕೆ ಯಾರನ್ನಾದ್ರೂ ನೋಡ್ಬೇಕು, ನೀನೇ ನೋಡು. ನಿಮ್ಮ ಕೇರಿ ಕಡೆಯವ್ರು ಮಾತ್ರ ಬೇಡ. ಈ ವಾಸನೆ ರಗಳೆ ಸಾಕಾತು."

"ಆತು ಸರ್" ಎಂದ ದೇವರಾಜ.

ಫ್ಲಾಪಿ ಡಬ್ಬಿ ಆಫೀಸಿನಲ್ಲಿತ್ತು. ತರಲು ಹೊರಗೆ ಬಂದರೆ ವರಾಂಡದ ಕಂಬದ ಹತ್ತಿರ ಮಂಜಿ ನಿಂತಿದ್ದಳು. ಅವನು ಒಳಗೆ ಹೋದದ್ದು ತನ್ನ ಕೆಲಸ ಉಳಿಸಿಕೊಡಿ ಎಂದು ಕೇಳಲಿಕ್ಕೆ ಎಂದು ಅವಳು ತಿಳಿದುಕೊಂಡಿದ್ದಳು. "ಎಂತ ಹೇಳಿದ್ರು ತಮಾ?"

"ಕೇಳ್ದೆ" ಎಂದ ದೇವರಾಜ. "ಆಗೂದಿಲ್ಲ ಅಂದ್ರು."

ಮಂಜಿ ಹತ್ತಿರ ಬಂದು ಅವನ ಕೈ ಹಿಡಿದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು. "ಆಗ್ದಿದ್ರೆ ಹಾಳಾಗ್ಲಿ. ನೀ ಹೋಗಿ ಕೇಳ್ದ್ಯಲ್ಲ ನನ್ನ ಪರ, ಅಷ್ಟು ಸಾಕು. ಬೆಳ್ಳಕ್ಕನ ಹತ್ರ ಹೇಳ್ತೆ ನಾನು, ಇಂಥಾ ಮಗನ್ನ ಹೆತ್ತೀಯಲ್ಲ ಅಂತ."

ಕೈ ಎಳೆದುಕೊಳ್ಳಬೇಕೆಂದುಕೊಂಡ. ಎಳೆದುಕೊಳ್ಳಲಿಲ್ಲ. ಅವಳಾಗಿಯೇ ಬಿಡುವವರೆಗೂ ಅವಳ ಕೈಯಲ್ಲೇ ಇಟ್ಟು ನಿಂತಿದ್ದ.